ಒಪ್ಪ ಓರಣದ ಕಲೆ

ಕಲೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುವು ಚಿತ್ರ, ಶಿಲ್ಪ, ಸಂಗೀತ, ನಾಟ್ಯಗಳು. ಸುತ್ತಿಗೆ, ಕತ್ತರಿ, ಬೀಗದಕೈಗಳನ್ನು ಮೇಜಿನ ಮೇಲೆ ಓರಣವಾಗಿ ಹೊಂದಿಸಿಡುವುದನ್ನು ಕಲೆಯೆಂದರೆ ನಗುವವರೇ ಹೆಚ್ಚು. ಆದರೆ ಅದಕ್ಕೂ ಒಂದು ಹೆಸರುಂಟು, ಕ್ರಮವುಂಟು, ಚರಿತ್ರೆಯೂ ಉಂಟು. ಅದನ್ನು ತಿಳಿಸಿ, ಅದರ ಪ್ರಯೋಜನವೇನು, ಮಿತಿಯೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಕಲೆಗೆ ‘ನೋಲಿಂಗ್’ ಎಂದು ಹೆಸರು. ೧೯೮೭ರಲ್ಲಿ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿಯವರ ಪೀಠೋಪಕರಣ ಕಾರ್ಯಾಗಾರದಲ್ಲಿ ಆಂಡ್ರೂ ಕ್ರೊಮೆಲೋ ಎಂಬವರು ಕಸ ಗುಡಿಸಿ ಶುಚಿಮಾಡುವ ಕೆಲಸದಲ್ಲಿದ್ದರು. ಗೆಹ್ರಿಯವರು ಆಗ ನೋಲ್ ಎಂಬ ಕಂಪನಿಗಾಗಿ ಕುರ್ಚಿಗಳನ್ನು ರೂಪಿಸುತ್ತಿದ್ದರು. ನೇರವಾದ ಗೆರೆ, ಚೊಕ್ಕವಾದ ಮೂಲೆಗಳಿಗೆ ಆ ಕಂಪನಿಯ ಸಾಮಾನುಗಳು ಹೆಸರಾಗಿದ್ದುವು. ಕೆಲಸಗಾರರು ಅಲ್ಲಲ್ಲಿ ಬಿಟ್ಟುಹೋದ ಹತಾರಗಳನ್ನು ಕ್ರೊಮೆಲೋ ಅವರು ಒಂದಕ್ಕೊಂದು ಲಂಬಕೋನದಲ್ಲಿರುವಂತೆ ಜೋಡಿಸಿಟ್ಟು, ಆ ಕಂಪನಿಯ ಹೆಸರಿನಿಂದಲೇ ತಮ್ಮ ಕೆಲಸಕ್ಕೆ ಈ ಹೆಸರನ್ನು ಕಟ್ಟಿದರು. ಅದೇ ಕಾರ್ಯಾಗಾರದಲ್ಲಿ ದುಡಿದ ಶಿಲ್ಪಿ ಟಾಮ್ ಸ್ಯಾಕ್ಸ್ ಅವರು ಮುಂದೆ ಇದನ್ನು ತಮ್ಮ ಕಲಾಶಾಲೆಯ ನಿಯಮವನ್ನಾಗಿ ಮಾಡಿದರು.

ನಿಯಮಗಳು ಸರಳವಾದುವು. ಬಳಕೆಯಲ್ಲಿಲ್ಲದ ವಸ್ತುಗಳನ್ನು ಮೊದಲು ಗುರುತಿಸಬೇಕು, ಅವನ್ನು ತೆಗೆದಿಡಬೇಕು, ಸಂದೇಹವಿದ್ದುದನ್ನು ಹಾಗೆಯೇ ಬಿಡಬೇಕು. ಉಳಿದವುಗಳಲ್ಲಿ ಒಂದೇ ಜಾತಿಯವನ್ನು ಒಟ್ಟುಗೂಡಿಸಬೇಕು. ಕಡೆಗೆ ಎಲ್ಲವನ್ನೂ ಮೇಜಿನ ಅಂಚಿಗೆ ಸಮಾಂತರವಾಗಿ ಇಲ್ಲವೆ ಲಂಬವಾಗಿ ಹೊಂದಿಸಬೇಕು. ಒಂದರ ಮೇಲೊಂದು ಬೀಳದ ಕಾರಣ ಮೇಲಿನಿಂದ ನೋಡಿದರೆ ಪ್ರತಿಯೊಂದೂ ಕಾಣುತ್ತದೆ; ಇಲ್ಲದ ವಸ್ತುವಿನ ಜಾಗವೂ ಕಾಣುತ್ತದೆ. ಕೆನಡಾದ ಛಾಯಾಗ್ರಾಹಕ ಟಾಡ್ ಮೆಕ್ಲೆಲನ್ ಅವರು ಗಡಿಯಾರ, ಟೈಪ್‌ರೈಟರ್ ಮೊದಲಾದವನ್ನು ಬಿಚ್ಚಿ, ಬಿಡಿಭಾಗಗಳನ್ನು ಹೀಗೆ ಹರಡಿ ತೆಗೆದ ಚಿತ್ರಗಳ ಪುಸ್ತಕ ೨೦೧೩ರಲ್ಲಿ ಪ್ರಕಟವಾಯಿತು. ಯಂತ್ರದ ಒಡಲಲ್ಲಿ ಏನೇನಿದೆಯೆಂಬುದು ಅಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ.

ಹೆಸರು ಹೊಸದಾದರೂ ಕೆಲಸ ನಮಗೆ ಹೊಸದಲ್ಲ. ಸೈಕಲ್ ರಿಪೇರಿಯವರ ಕೈಕೆಲಸವನ್ನು ನಾನು ಗಮನವಿಟ್ಟು ನೋಡಿದ್ದೇನೆ. ಚಕ್ರ ಬಿಚ್ಚುವಾಗ ಅವರು ನಟ್ಟು, ವಾಷರು, ಕೋನುಗಳನ್ನು ಕಳಚಿದ ಕ್ರಮದಲ್ಲೇ ಗೋಣಿಯ ಮೇಲೆ ಸಾಲಾಗಿ ಇಡುತ್ತಾರೆ. ಗುಂಡುಗಳು ಉರುಳಿಹೋಗದಂತೆ ತಗಡಿನ ಮುಚ್ಚಳಕ್ಕೆ ಹಾಕುತ್ತಾರೆ. ತಿರುಗಿ ಜೋಡಿಸುವಾಗ ಆ ಸಾಲನ್ನು ಹಿಂದುಮುಂದಾಗಿ ಓದಿದರಾಯಿತು. ಇಲ್ಲಿ ಓರಣವು ನೆನಪಿಗೆ ಊರುಗೋಲು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಬಣ್ಣಬಣ್ಣದ ಕುಂಕುಮವನ್ನು ಗೋಪುರದಂತೆ ಒಟ್ಟಿ ಸಾಲಾಗಿಟ್ಟಿರುವುದನ್ನು ಕಾಣದವರು ವಿರಳ. ಅಲ್ಲಿ ಓರಣವು ಗಿರಾಕಿಗೆ ಕರೆ. ಮೊದಲನೆಯದು ಕೆಲಸಕ್ಕಾಗಿ, ಎರಡನೆಯದು ಕಣ್ಣಿಗಾಗಿ. ಕ್ರೊಮೆಲೋ ಅವರ ಜೋಡಣೆಯಲ್ಲಿ ಎರಡೂ ಕೂಡಿವೆ.

ಆದರೆ ಓರಣಕ್ಕೂ ಒಂದು ಮಿತಿಯುಂಟು. ಸ್ವಿಟ್ಜರ್ಲೆಂಡಿನ ಹಾಸ್ಯ ಕಲಾವಿದ ಉರ್ಸುಸ್ ವೆರ್ಲಿ ಅವರು ಇದನ್ನೇ ವಿನೋದಮಾಡಿದ್ದಾರೆ. ೨೦೧೧ರ ತಮ್ಮ ಪುಸ್ತಕದಲ್ಲಿ ಅವರು ಅಕ್ಷರಾಕಾರದ ಶಾವಿಗೆ ತೇಲುವ ಸೂಪನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದ್ದಾರೆ. ಪೈನ್ ಮರದ ಟೊಂಗೆಯೊಂದರ ಎಲೆಗಳನ್ನೆಲ್ಲ ಕಿತ್ತು ಸಾಲಿಟ್ಟಿದ್ದಾರೆ. ಎಲೆಗಳೇನೋ ಓರಣವಾದುವು, ಟೊಂಗೆ ಮಾತ್ರ ಟೊಂಗೆಯಾಗಿ ಉಳಿಯಲಿಲ್ಲ! ಜೀವವಿರುವೆಡೆ ಓರಣವನ್ನು ಹೊರಗಿನಿಂದ ಹೇರಬಾರದೆಂಬ ಪಾಠ ಈ ನಗೆಯಲ್ಲಿ ಅಡಗಿದೆ.

ಇದೆಲ್ಲದರಲ್ಲಿ ನನಗೆ ಮುಖ್ಯವೆಂದು ತೋರುವುದು ಇನ್ನೊಂದು ವಿಷಯ. ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯ ಕಾರ್ಯಾಗಾರದಲ್ಲಿ ಈ ಕಲೆಯನ್ನು ಕಂಡವರು ವಾಸ್ತುಶಿಲ್ಪಿಯಲ್ಲ, ಪೊರಕೆ ಹಿಡಿದವರು. ವಸ್ತುಗಳನ್ನು ದಿನವೂ ಮುಟ್ಟಿ, ಎತ್ತಿ, ಒರೆಸುವವರಿಗೆ ಅವುಗಳ ಆಕಾರ ತಿಳಿದಿರುವಷ್ಟು ಬೇರೆಯವರಿಗೆ ತಿಳಿದಿರುವುದಿಲ್ಲ. ಅಲ್ಲಿ ಆ ಜ್ಞಾನಕ್ಕೆ ಒಂದು ಹೆಸರು ದೊರೆಯಿತು. ಆದುದರಿಂದ ಅದು ಉಳಿಯಿತು, ಹರಡಿತು. ನಮ್ಮಲ್ಲಿ ಅಡುಗೆಮನೆಯ ಡಬ್ಬಿಗಳನ್ನು ಅಳತೆಗೆ ತಕ್ಕಂತೆ ಸಾಲಿಡುವ ತಾಯಂದಿರ ಕೆಲಸಕ್ಕೆ, ನಾವು ಎಳೆದಾಡಿ ಬಿಟ್ಟುಹೋದ ಬೆಂಚುಗಳನ್ನು ಬೆಳಗ್ಗೆ ನೇರಮಾಡುವ ಜವಾನರ ಕೆಲಸಕ್ಕೆ ಯಾವ ಹೆಸರಿದೆ? ಅದು ಕೆಟ್ಟ ದಿನ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

ಕಲಾಶಾಲೆಯಲ್ಲಿ ಓದುವ ನಾವು ಸೌಂದರ್ಯವನ್ನು ಗ್ರಂಥಗಳಲ್ಲಿ ಅರಸುವುದು ಸರಿಯೇ. ಅದರೊಡನೆ, ನಮ್ಮ ಕೊಠಡಿಗಳನ್ನು ಒಪ್ಪವಾಗಿಡುವ ಕೈಗಳ ಕೆಲಸವನ್ನೂ ಒಮ್ಮೆ ಕಣ್ಣಿಟ್ಟು ನೋಡೋಣ. ಸಂಜೆ ಏಳುವ ಮುನ್ನ ನಮ್ಮ ಬೆಂಚನ್ನು ನಾವೇ ನೇರಮಾಡಿ ಹೋಗೋಣ.