ಉತ್ತರ ಬಾರದಿದ್ದಾಗ: ದೂರದ ಸರ್ವರ್‌ಗಳ ಪರಿಶೀಲನೆಯಲ್ಲಿ ಕಾಲಮಿತಿ ಮೀರುವ ಸಮಸ್ಯೆ

2006ರ ಆಗಸ್ಟ್ ತಿಂಗಳಿನಲ್ಲಿ ತಾಪಿ ನದಿಗೆ ಬಂದ ಮಹಾಪೂರದಿಂದ ಸೂರತ್ ನಗರದ ಬಹುಭಾಗ ಜಲಾವೃತವಾಯಿತು. ನಗರದಿಂದ ಸುಮಾರು 100 ಕಿಲೋಮೀಟರ್ ಮೇಲ್ಭಾಗದಲ್ಲಿರುವ ಉಕಾಯಿ ಅಣೆಕಟ್ಟೆಯಿಂದ ಬಿಟ್ಟ ನೀರು ಸೂರತ್ತನ್ನು ತಲುಪಲು ಕೆಲವು ಗಂಟೆಗಳು ಹಿಡಿಯುತ್ತವೆ. ತಗ್ಗು ಪ್ರದೇಶದ ಜನರನ್ನು ಎಚ್ಚರಿಸಿ ಸಾಗಿಸಲು ದೊರೆಯುವ ಅವಕಾಶ ಇಷ್ಟೇ. ಆದುದರಿಂದ ನದಿಯ ಮಟ್ಟವನ್ನು ಅಳೆಯುವ ಉಪಕರಣ, ಆ ಅಂಕಿಗಳನ್ನು ಸ್ವೀಕರಿಸುವ ಸರ್ವರ್, ಅವೆರಡನ್ನೂ ಕೂಡಿಸುವ ಸಂಪರ್ಕ ಇವು ಸುಸ್ಥಿತಿಯಲ್ಲಿವೆಯೇ ಎಂಬುದನ್ನು ಹಗಲಿರುಳೂ ಪರಿಶೀಲಿಸಬೇಕಾಗುತ್ತದೆ. ನೀರಿನ ಮಟ್ಟ ಏರಿಲ್ಲ ಎಂಬುದಕ್ಕೂ ಮಟ್ಟದ ಅಳತೆಯೇ ಬಂದಿಲ್ಲ ಎಂಬುದಕ್ಕೂ ಅಜಗಜಾಂತರವಿದೆ. ಪರದೆಯ ಮೇಲೆ ಮಾತ್ರ ಇವೆರಡೂ ಒಂದೇ ಬಗೆಯಾಗಿ ಕಾಣುವುದುಂಟು.

ದೂರದ ಸರ್ವರ್‌ಗಳನ್ನು ನೋಡಿಕೊಳ್ಳುವ ತಂತ್ರಾಂಶಗಳಲ್ಲಿ ನಾಗಿಯೋಸ್ ಎಂಬುದು ಪ್ರಸಿದ್ಧವಾದುದು. ಕೇಂದ್ರ ಗಣಕಯಂತ್ರವು ನಿಗದಿತ ಅವಧಿಗೊಮ್ಮೆ ದೂರದ ಯಂತ್ರಕ್ಕೆ ಪ್ರಶ್ನೆಯನ್ನು ಕಳುಹಿಸುತ್ತದೆ. ಅಲ್ಲಿರುವ ಎನ್‌ಆರ್‌ಪಿಇ ಎಂಬ ಪುಟ್ಟ ಸಹಾಯಕ ತಂತ್ರಾಂಶವು ಆ ಯಂತ್ರದ ಡಿಸ್ಕ್, ಸ್ಮರಣೆ, ಕಾರ್ಯಭಾರ ಮುಂತಾದವನ್ನು ನೋಡಿ ಉತ್ತರಿಸುತ್ತದೆ. ಈ ಸಹಾಯಕವು ಸಾಮಾನ್ಯವಾಗಿ 5666ನೆಯ ಪೋರ್ಟ್‌ನಲ್ಲಿ ಕಾದಿರುತ್ತದೆ. ಬೇರೆ ಸೂಚನೆ ನೀಡದಿದ್ದರೆ ಕೇಂದ್ರವು 10 ಸೆಕೆಂಡುಗಳವರೆಗೆ ಕಾಯ್ದು, ಉತ್ತರ ಬಾರದಿದ್ದಲ್ಲಿ ಕಾಲಮಿತಿ ಮೀರಿತೆಂದು ಘೋಷಿಸುತ್ತದೆ.

ಕೇಂದ್ರ ಗಣಕ ಅಹಮದಾಬಾದಿನಲ್ಲಿಯೂ, ಪರಿಶೀಲಿಸಬೇಕಾದ ಸರ್ವರ್ ಸೂರತ್ತಿನಲ್ಲಿಯೂ, ಇನ್ನೊಂದು ಸರ್ವರ್ ವಡೋದರಾದಲ್ಲಿಯೂ ಇವೆಯೆಂದು ಭಾವಿಸೋಣ. ಸೂರತ್ತಿನ ಡಿಸ್ಕ್ ಪರಿಶೀಲನೆ ಪದೇ ಪದೇ ಕಾಲಮಿತಿ ಮೀರುತ್ತಿದೆ. ಮೊದಲು ಮನಸ್ಸಿಗೆ ಬರುವ ಕಾರಣ ದೂರ. ಆದರೆ ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಅಹಮದಾಬಾದಿನಿಂದ ಸೂರತ್ತಿಗೆ ರೈಲು ಮಾರ್ಗವಾಗಿ ಸುಮಾರು 230 ಕಿಲೋಮೀಟರ್. ಅಷ್ಟೇ ಉದ್ದದ ತಂತುವಿನಲ್ಲಿ ಪ್ರಶ್ನೆ ಹೋಗಿ ಉತ್ತರ ಮರಳಲು ಎರಡು ಮೂರು ಮಿಲಿಸೆಕೆಂಡು ಸಾಕು. ಉಪಗ್ರಹದ ಮೂಲಕವಾದರೆ ಪ್ರಶ್ನೆಯೂ ಉತ್ತರವೂ ತಲಾ ಎರಡು ಬಾರಿ 36,000 ಕಿಲೋಮೀಟರ್ ಕ್ರಮಿಸಬೇಕಾದುದರಿಂದ ಸುಮಾರು ಅರ್ಧ ಸೆಕೆಂಡು ಬೇಕು. (ನಮ್ಮ ದೇಶದಲ್ಲಿ ಉಪಗ್ರಹ ಸಂಪರ್ಕದ ಪ್ರಾಯೋಗಿಕ ಭೂಕೇಂದ್ರವು 1967ರಲ್ಲಿ ಆರಂಭವಾದುದು ಇದೇ ಅಹಮದಾಬಾದಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.) ಹೇಗೆ ನೋಡಿದರೂ 10 ಸೆಕೆಂಡುಗಳ ವಿಳಂಬಕ್ಕೆ ದೂರವನ್ನು ಹೊಣೆಯಾಗಿಸಲು ಬಾರದು.

ಮುಂದಿನ ಹೆಜ್ಜೆಯಾಗಿ, ಸೂರತ್ತಿನ ಪೋರ್ಟ್‌ಗೆ ಬರಿಯ ಸಂಪರ್ಕ ದೊರೆಯುತ್ತದೆಯೇ ಎಂದು ನೋಡಬೇಕು. ಸಂಪರ್ಕವನ್ನು ನಿರಾಕರಿಸಲಾಗಿದೆ ಎಂಬ ಉತ್ತರ ತಕ್ಷಣವೇ ಬಂದರೆ ದಾರಿ ತೆರೆದಿದೆ, ಆ ಯಂತ್ರವೂ ಜೀವಂತವಾಗಿದೆ. ಸಹಾಯಕ ತಂತ್ರಾಂಶ ನಿಂತಿರುವುದೇ ಹೆಚ್ಚು ಸಂಭವ. ಉತ್ತರವೇ ಇಲ್ಲದಿದ್ದರೆ ಯಂತ್ರ ಸ್ಥಗಿತಗೊಂಡಿರಬೇಕು, ದಾರಿ ಕಡಿದಿರಬೇಕು, ಇಲ್ಲವೇ ನಡುವಿನ ಫೈರ್‌ವಾಲ್ ಪ್ರಶ್ನೆಯನ್ನು ಸದ್ದಿಲ್ಲದೆ ಎಸೆಯುತ್ತಿರಬೇಕು. ಲಿನಕ್ಸ್ ಯಂತ್ರಗಳು ಉತ್ತರ ಬಾರದ ಮೊದಲ ಕೋರಿಕೆಯನ್ನು ಕೆಲವು ಸೆಕೆಂಡುಗಳೊಳಗೆ ಮತ್ತೆ ಮತ್ತೆ ಕಳುಹಿಸುತ್ತವೆ. 10 ಸೆಕೆಂಡುಗಳಲ್ಲಿ ಈ ಎಲ್ಲ ಕೋರಿಕೆಗಳೂ ವ್ಯರ್ಥವಾದವೆಂದರೆ ಅದನ್ನು ಸಾಮಾನ್ಯ ದಟ್ಟಣೆಯೆಂದು ತಳ್ಳಿಹಾಕುವುದು ಸರಿಯಲ್ಲ.

ಇನ್ನು ಸಂಪರ್ಕ ಕೂಡಲೇ ದೊರೆತು, ಅನಂತರ ಮೌನವಾದರೆ? ದೋಷವನ್ನು ಅರಿಯಲು ಬಹು ಮಂದಿ ಎಡವುವುದು ಇಲ್ಲಿಯೇ. ಸೂರತ್ತಿನ ಯಂತ್ರದೊಳಗೆ ಪ್ರವೇಶಿಸಿ, ಸಹಾಯಕ ತಂತ್ರಾಂಶ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೆಯೋ ಅದೇ ಹೆಸರಿನಲ್ಲಿ ಅದೇ ಪರಿಶೀಲನೆಯನ್ನು ಕೈಯಾರೆ ನಡೆಸಿ, ಹಿಡಿದ ಕಾಲವನ್ನು ಗಮನಿಸಬೇಕು. ಮೇಲ್ವಿಚಾರಕನ ಹೆಸರಿನಲ್ಲಿ ನಡೆಸಿದರೆ ಸಾಲದು. ಅನುಮತಿಯ ತೊಡಕುಗಳು ಆಗ ಮರೆಯಾಗುತ್ತವೆ. ಅಲ್ಲಿಯೂ ಪರಿಶೀಲನೆ ಮುಗಿಯದೆ ನಿಂತರೆ ಜಾಲದ ದೋಷವೇ ಇಲ್ಲವೆಂದು ಅರ್ಥವೇ? ಅವಸರಪಡಬಾರದು. ಸೂರತ್ತಿನ ಸರ್ವರ್ ವಡೋದರಾದ ಯಂತ್ರದ ಡಿಸ್ಕನ್ನು ಜಾಲದ ಮೂಲಕ ತನ್ನದೇ ಎಂಬಂತೆ ಜೋಡಿಸಿಕೊಂಡಿರಬಹುದು. ವಡೋದರಾದ ಯಂತ್ರ ನಿಂತಿತೆಂದರೆ, ಡಿಸ್ಕ್‌ಗಳ ಪಟ್ಟಿಯನ್ನು ಓದಲು ಹೊರಟ ಸೂರತ್ತಿನ ಪರಿಶೀಲನೆ ಆ ಡಿಸ್ಕ್‌ನ ಬಾಗಿಲಲ್ಲಿ ಕಾಯುತ್ತಲೇ ಉಳಿಯುತ್ತದೆ. ಅಹಮದಾಬಾದಿನ ಪರದೆ ಮಾತ್ರ ಸೂರತ್ತಿನ ಹೆಸರಿನ ಮುಂದೆ ಕೆಂಪು ಗುರುತನ್ನು ತೋರಿಸುತ್ತದೆ. ಇದನ್ನು ಕಂಡು ಸೂರತ್ತಿನ ಸರ್ವರನ್ನು ಮತ್ತೆ ಮತ್ತೆ ಆರಿಸಿ ಹಚ್ಚುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಸ್ಥಳೀಯ ಡಿಸ್ಕ್‌ಗಳನ್ನಷ್ಟೇ ನೋಡುವಂತೆ ಆ ಪರಿಶೀಲನೆಯನ್ನು ಮಿತಗೊಳಿಸಿ, ವಡೋದರಾದ ಡಿಸ್ಕ್‌ಗೆ ಪ್ರತ್ಯೇಕ ಪರಿಶೀಲನೆ ಇಡುವುದು ಯುಕ್ತ.

ವಿಳಂಬವು ಪ್ರತಿ ಬಾರಿಯೂ 5 ಅಥವಾ 10 ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಸೇವೆಯನ್ನು ಶಂಕಿಸಬೇಕು. ನಿಂತುಹೋದ ಡಿಎನ್‌ಎಸ್ ಸರ್ವರಿಗಾಗಿ ಒಂದೊಂದು ಪ್ರಯತ್ನಕ್ಕೂ 5 ಸೆಕೆಂಡು ಕಾಯುವುದು ಲಿನಕ್ಸ್‌ನ ರೂಢಿ. ಎರಡೂ ತುದಿಗಳಲ್ಲಿ ಹೆಸರಿನ ಬದಲು ಅಂಕಿಯ ವಿಳಾಸವನ್ನು ಕೊಟ್ಟು ನೋಡಿದರೆ ಸಂಶಯ ನಿವಾರಣೆಯಾಗುತ್ತದೆ.

ಕಾಲಮಿತಿಯನ್ನು 10ರಿಂದ 60 ಸೆಕೆಂಡಿಗೆ ಏರಿಸುವುದು ಎಲ್ಲರಿಗೂ ಪ್ರಿಯವಾದ ಪರಿಹಾರ. ಪರಿಶೀಲನೆಗೆ ನಿಜವಾಗಿಯೂ 20 ಸೆಕೆಂಡು ಬೇಕಾಗಿದ್ದಲ್ಲಿ ಇದು ಸಮಂಜಸವೇ. ಕಾರಣ ತಿಳಿಯದೆ ಏರಿಸಿದಲ್ಲಿ ದೋಷ ಹಾಗೆಯೇ ಉಳಿದು, ಕಾಯುತ್ತಿರುವ ಪರಿಶೀಲನೆಗಳ ಸಾಲು ಬೆಳೆದು, ಎಚ್ಚರಿಕೆ ಇನ್ನಷ್ಟು ತಡವಾಗುತ್ತದೆ. ಏರಿಸಲೇಬೇಕಾದರೆ ದೂರದ ತುದಿಯ ಮಿತಿಗಿಂತ ಕೇಂದ್ರದ ಮಿತಿ ತುಸು ಹೆಚ್ಚಿರಲಿ. ಆಗ ದೂರದ ಯಂತ್ರವೇ ತನ್ನ ಕೆಲಸ ಯಾವ ಕಾರಣದಿಂದ ನಿಂತಿತೆಂದು ಹೇಳಲು ಅವಕಾಶ ದೊರೆಯುತ್ತದೆ.

ಸಂಪರ್ಕ ತಪ್ಪಿದ್ದನ್ನು ಗಂಡಾಂತರವೆಂದಲ್ಲದೆ ಅಜ್ಞಾತ ಸ್ಥಿತಿಯೆಂದು ದಾಖಲಿಸುವ ಸೌಲಭ್ಯವೂ ಎನ್‌ಆರ್‌ಪಿಇ ಪರಿಶೀಲನೆಯಲ್ಲಿದೆ. ಅಜ್ಞಾತವೆಂದು ತೋರಿದುದನ್ನು ಯಾರೂ ನೋಡದೆ ಬಿಡುವ ರೂಢಿಯಿರುವ ಕಚೇರಿಯಲ್ಲಿ ಅದನ್ನು ಬಳಸದಿರುವುದೇ ಲೇಸು. ನದಿಯ ಅಳತೆಯಂತಹ ಮಾಹಿತಿಗೆ ಅಂಕಿಯ ಪಕ್ಕದಲ್ಲಿ ಅದು ಬಂದ ವೇಳೆಯನ್ನೂ ತೋರಿಸಬೇಕು. ಪ್ರತಿ ವರ್ಷ ಜೂನ್ ತಿಂಗಳಿನ ಮಳೆಗೆ ಮೊದಲು ಒಂದು ಸಂಪರ್ಕವನ್ನು ಬೇಕೆಂದೇ ಕಡಿದು, ಎಷ್ಟು ನಿಮಿಷಗಳಲ್ಲಿ ಯಾರ ದೂರವಾಣಿಗೆ ಎಚ್ಚರಿಕೆ ತಲುಪಿತೆಂಬುದನ್ನು ಬರೆದಿಡತಕ್ಕದ್ದು.