ಪಾಳಿಯ ನಡುವೆ ಉಪನ್ಯಾಸ

ಮಹಾದೇವ ಗೋವಿಂದ ರಾನಡೆಯವರು ಪುಣೆಯಲ್ಲಿ 1875ರಲ್ಲಿ ಆರಂಭಿಸಿದ ವಸಂತ ವ್ಯಾಖ್ಯಾನಮಾಲೆ, ಅಂದರೆ ಬೇಸಿಗೆಯ ಸಾರ್ವಜನಿಕ ಉಪನ್ಯಾಸ ಸರಣಿ, ತನ್ನ ಸಂಜೆಯನ್ನು ತಾನೇ ತೆಗೆದಿರಿಸಿ, ಆ ದಿನದ ವಿಷಯ ಬೇಕೋ ಬೇಡವೋ ಎಂದು ತಾನೇ ನಿರ್ಧರಿಸಿ ಬರುವ ಶ್ರೋತೃವರ್ಗವೊಂದನ್ನು ಬೆಳೆಸಿತು. ಅದೇ ಊರಿನ ಮಗ್ಗುಲಿನ ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲೋ ಪಿಂಪ್ರಿ-ಚಿಂಚವಡದ ಕಾರ್ಖಾನೆಯಲ್ಲೋ ಸ್ವಯಂಪ್ರೇರಣೆಯಿಂದ ಮಾತನಾಡಲು ಒಪ್ಪಿದ ಉದ್ಯೋಗಿಯ ಎದುರು ಕೂರುವವರು ಇಂಥವರಲ್ಲ. ಅವರು ಮೇಲಧಿಕಾರಿಯ ಸೂಚನೆಯಂತೆ, ಮುಗಿಯದ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ. ಸಭೆಯ ಮೌನವನ್ನು ತನ್ನ ಸೋಲೆಂದು ಭಾಷಣಕಾರ ಭಾವಿಸುವುದು ಬಹುಮಟ್ಟಿಗೆ ಈ ವ್ಯತ್ಯಾಸವನ್ನು ಮರೆತಾಗ.

ಸಂದರ್ಭವನ್ನೂ ಸಾಮಾನ್ಯವಾಗಿ ಆಡಳಿತದ ಪಂಚಾಂಗವೇ ಗೊತ್ತುಮಾಡುತ್ತದೆ. ರಾಷ್ಟ್ರೀಯ ಸುರಕ್ಷತಾ ಮಂಡಳಿಯ ಸ್ಥಾಪನೆಯನ್ನು ನೆನೆಯುವ ಮಾರ್ಚ್ 4ರ ಸುರಕ್ಷತಾ ದಿನ, ಅದರ ಬೆನ್ನಿಗೇ ಬರುವ ಮಾರ್ಚ್ 8ರ ಮಹಿಳಾ ದಿನ ಇವುಗಳಿಗೆ ಮಾತುಗಾರರನ್ನು ಹುಡುಕುವ ಭರಾಟೆ ಹೆಚ್ಚು. ಉದ್ಯೋಗಸ್ಥಳದ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ 19ನೇ ಕಲಮು ನಿಯತ ಅವಧಿಗಳಲ್ಲಿ ಜಾಗೃತಿ ಕಾರ್ಯಕ್ರಮ ನಡೆಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿರುವುದರಿಂದ, ಅಂಥ ಸಭೆಯಲ್ಲಿ ಆಡಿದ ಮಾತು ಹಾಜರಿ ಸಹಿ ಹಾಗೂ ಛಾಯಾಚಿತ್ರಗಳೊಡನೆ ಕಾನೂನು ಪಾಲನೆಯ ದಾಖಲೆಯೂ ಆಗುತ್ತದೆ. ಇದನ್ನು ಹೀನವೆಂದು ಎಣಿಸಬೇಕಿಲ್ಲ. ಆದರೆ ಸ್ಲೈಡುಗಳನ್ನು ಮಾನವ ಸಂಪನ್ಮೂಲ ವಿಭಾಗ ಮೊದಲೇ ತರಿಸಿಕೊಂಡು ಒಂದೆರಡನ್ನು ಕಿತ್ತುಹಾಕಿದರೆ ಅದು ಅವಮಾನವಲ್ಲವೆಂದು ಭಾಷಣಕಾರ ತಿಳಿದಿರಬೇಕು.

ಹೆಚ್ಚು ಯೋಚನೆ ಬೇಡುವುದು ಭಾಷೆ. ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ಮಾತನಾಡಲು ನಿಲ್ಲುವ ಕನ್ನಡಿಗರಲ್ಲಿ ಹಲವರಿಗೆ ಮರಾಠಿ ಕಿವಿಗೆ ಹೊಸದಲ್ಲ. ಆದರೆ ಯಂತ್ರದ ಪಕ್ಕದ ಹರಟೆಗೆ ಸಾಕಾಗುವ ಮರಾಠಿ ವೇದಿಕೆಯ ಮೇಲೆ ಸಾಕಾಗುವುದಿಲ್ಲ, ಹಿಂದಿಗೆ ಹೊರಳಿದರೆ ವಿನೋದ ಸೊರಗುತ್ತದೆ, ಇಂಗ್ಲಿಷಿಗೆ ಜಾರಿದರೆ ಕೊನೆಯ ಸಾಲಿನ ಗುತ್ತಿಗೆ ಕಾರ್ಮಿಕರು ಕೈತಪ್ಪುತ್ತಾರೆ. ಟೂಲ್‌ಬಾಕ್ಸ್ ಟಾಕ್, ಅಂದರೆ ಪಾಳಿಗೆ ಮುನ್ನ ಕೆಲಸದ ಜಾಗದಲ್ಲೇ ನಿಂತು ಆಡುವ ಕೆಲವೇ ನಿಮಿಷಗಳ ಸುರಕ್ಷತಾ ಮಾತು, ಇಲ್ಲಿ ಒಳ್ಳೆಯ ಮಾದರಿ: ಒಂದೇ ಅಪಾಯ, ಒಂದೇ ಉಪಾಯ, ಕೈಯಲ್ಲಿ ಹಿಡಿದು ತೋರಿಸಬಹುದಾದ ಒಂದು ವಸ್ತು. ತಪ್ಪು ಮರಾಠಿಯನ್ನು ಕೇಳುಗರು ನಗುತ್ತಲೇ ತಿದ್ದುತ್ತಾರೆ, ಹಾಗೆ ತಿದ್ದುವಾಗ ಅವರು ಮಾತಿನೊಳಕ್ಕೂ ಬಂದುಬಿಟ್ಟಿರುತ್ತಾರೆ.

ಗೊತ್ತುಪಡಿಸಿದ ಅವಧಿ ಉಳಿಯುವುದು ಅಪರೂಪ. ಹಿಂದಿನ ಮೀಟಿಂಗ್ ಲಂಬಿಸುತ್ತದೆ, ಅಧಿಕಾರಿಯ ಪ್ರಸ್ತಾವನೆ ಅದಕ್ಕಿಂತಲೂ ಲಂಬಿಸುತ್ತದೆ, ಆದ್ದರಿಂದ ಭಾಷಣದ ಅರ್ಧದಷ್ಟನ್ನು ಬಿಟ್ಟರೂ ನಿಲ್ಲುವಂತೆ ಅದನ್ನು ಕಟ್ಟಿಕೊಂಡಿರುವುದು ಜಾಣತನ. ಮೈಕಿನ ಮುಂದೆ ಪ್ರಶ್ನೆ ಕೇಳಲು ಅಧಿಕಾರಿಗಳ ಎದುರು ಕೆಲವರಷ್ಟೇ ಧೈರ್ಯ ಮಾಡುತ್ತಾರೆ. ನಿಜವಾದ ಪ್ರಶ್ನೆಗಳು ಬರುವುದು ಆಮೇಲೆ, ಚಹಾದ ಸಾಲಿನಲ್ಲಿ, ಮೆಲುದನಿಯಲ್ಲಿ, ಮತ್ತು ಅವುಗಳಿಗೆ ಉತ್ತರಿಸಲು ತಕ್ಷಣ ಮೇಜಿಗೆ ಮರಳದೆ ಅಷ್ಟು ಹೊತ್ತು ಅಲ್ಲೇ ನಿಲ್ಲಲು ತನ್ನ ಮೇಲಧಿಕಾರಿಯ ಅನುಮತಿಯನ್ನು ಮೊದಲೇ ಪಡೆದಿರಬೇಕಾಗುತ್ತದೆ.