ಕೊಪ್ಪರಿಗೆಯೊಳಗಿನ ಥರ್ಮೋಡೈನಾಮಿಕ್ಸ್: ತೊಗರ್ಸಿಯಿಂದ ಸೊರಬದವರೆಗೆ ಒಂದು ಆಲೆಮನೆ ಪಾಠ

ಜರ್ಮನಿ, ಬೆಲ್ಜಿಯಂ ಕಡೆ ಗೆಳೆಯರೆಲ್ಲ ಸೇರಿ ಊರೂರಿನ ಬ್ರೂವರಿ ನೋಡ್ತಾ ಹೋಗೋದುಂಟು. ಒಂದೊಂದು ಊರಿನ ಬಿಯರ್‌ಗೂ ಒಂದೊಂದು ರುಚಿ, ಒಂದೊಂದು ಕಥೆ. ನಮ್ಮ ಶಿಕಾರಿಪುರ–ಸೊರಬ ಸೀಮೆಯಲ್ಲಿ ಅದಕ್ಕೆ ಹತ್ತಿರದ ಸುತ್ತಾಟ ಯಾವುದು ಅಂತ ಕೇಳಿದ್ರೆ, ಉತ್ತರ ಒಂದೇ: ಆಲೆಮನೆ. ಸಂಕ್ರಾಂತಿಯ ಆಚೀಚೆ ಶುರುವಾಗಿ ಶಿವರಾತ್ರಿ ಕಳೆಯುವವರೆಗೂ ಗಾಣ ತಿರುಗ್ತಿರುತ್ತೆ. ಮಂಡಕ್ಕಿ, ಮಿರ್ಚಿ ಜೊತೆ ಹೊಟ್ಟೆ ತುಂಬ ಕಬ್ಬಿನ ಹಾಲು ಕುಡಿದು ಬರೋದು ಇಲ್ಲಿ ಹಳೇ ರೂಢಿ.

ಕಳೆದ ಸೀಸನ್‌ನಲ್ಲಿ ನಾವು ಐದು ಜನ ಮೂರು ಬೈಕಲ್ಲಿ ಹೊರಟ್ವಿ. ತೊಗರ್ಸಿಯ ಮಲ್ಲಿಕಾರ್ಜುನ ದೇವಸ್ಥಾನದಿಂದ ಶಿರಾಳಕೊಪ್ಪ, ಬಳ್ಳಿಗಾವಿಯ ಕೇದಾರೇಶ್ವರ, ಆನವಟ್ಟಿ, ಅಲ್ಲಿಂದ ಸೊರಬ. ದಾರಿಯಲ್ಲಿ ಎಲ್ಲಿ ಹೊಗೆ ಕಂಡ್ರೆ ಅಲ್ಲಿ ಸ್ಟಾಪ್. ಸೊರಬದ ಹತ್ತಿರದ ಒಂದು ಆಲೆಮನೆ ನಮ್ಮ ಗೆಳೆಯನ ದೊಡ್ಡಪ್ಪನದು. ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀವೆಲ್ಲ ಇಂಜಿನಿಯರಿಂಗ್ ಓದೋರಲ್ಲನ್ರೋ, ಸಿಪ್ಪೆ ಸಾಕಾಗದೆ ವರ್ಷಾ ಸೌದೆ ತರ್ತಿದೀನಿ. ಇದಕ್ಕೇನಾದ್ರೂ ಮಾಡಕ್ಕಾಗುತ್ತಾ?" ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವ ಲೆಕ್ಕ.

ಬ್ರೂವರಿಗೂ ಆಲೆಮನೆಗೂ ಏನು ವ್ಯತ್ಯಾಸ?

ಬ್ರೂವರಿಯಲ್ಲಿ ಬಾರ್ಲಿಯನ್ನು ಮೊಳಕೆ ಬರಿಸಿ, ಅದರ ಪಿಷ್ಟವನ್ನು ಸಕ್ಕರೆ ಮಾಡಿ, ಕುದಿಸಿ, ಆರಿಸಿ, ಆಮೇಲೆ ಯೀಸ್ಟ್ ಬಿಡ್ತಾರೆ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಕೊಡುತ್ತೆ. ಕಬ್ಬಿನ ಹಾಲಲ್ಲಿ ಸಕ್ಕರೆ ಮೊದಲೇ ಸಿದ್ಧ ಇದೆ. ಯೀಸ್ಟ್ ಕೂಡ ಕಬ್ಬಿನ ಮೈಮೇಲೇ ಇರುತ್ತೆ. ಹಾಗಾಗಿ ಹಿಂಡಿದ ಹಾಲನ್ನು ಸುಮ್ನೆ ಇಟ್ರೆ ಕೆಲವೇ ಗಂಟೆಗಳಲ್ಲಿ ಹುಳಿ ಬರಕ್ಕೆ ಶುರು. ಲ್ಯೂಕೊನೊಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಸೇರಿಕೊಂಡ್ರೆ ಹಾಲು ಲೋಳೆಯಾಗುತ್ತೆ.

ಅಂದ್ರೆ ಬ್ರೂವರಿಯವರು ಸೂಕ್ಷ್ಮಜೀವಿಗೆ ಕೆಲಸ ಕೊಡ್ತಾರೆ, ಆಲೆಮನೆಯವರು ಅದು ಕೆಲಸ ಶುರು ಮಾಡೋಕೆ ಮೊದಲೇ ಬಾಗಿಲು ಹಾಕ್ತಾರೆ. ಬಾಗಿಲು ಹಾಕೋದು ಬರೀ ಬಿಸಿಯಿಂದಲ್ಲ, ನೀರು ತೆಗೆಯೋದ್ರಿಂದ. ಬೆಲ್ಲದಲ್ಲಿ ಸಕ್ಕರೆ ಎಷ್ಟು ದಟ್ಟವಾಗಿರುತ್ತೆ ಅಂದ್ರೆ, ಸೂಕ್ಷ್ಮಜೀವಿಗೆ ಬಳಸಿಕೊಳ್ಳಕ್ಕೆ ಸ್ವತಂತ್ರ ನೀರೇ ಸಿಗಲ್ಲ. ಅದೇ ಬೆಲ್ಲಕ್ಕೆ ಮತ್ತೆ ನೀರು ಬೆರೆಸಿದ್ರೆ ಬಾಗಿಲು ತೆರೆದ ಹಾಗೆ. ಕಳ್ಳಭಟ್ಟಿಯವರಿಗೆ ಬೆಲ್ಲ ಬೇಕಾಗೋದು ಇದಕ್ಕೇ. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಡಿಸ್ಟಿಲರಿಗಳು ಆಲ್ಕೋಹಾಲ್ ತೆಗೆಯೋದೂ ಇದೇ ದಾರಿಯಲ್ಲಿ.

ಕೊಪ್ಪರಿಗೆಯಲ್ಲಿ ನಡೆಯೋದೇನು?

ಹಿಂಡಿದ ಹಾಲು ಸ್ವಲ್ಪ ಹುಳಿ ಸ್ವಭಾವದ್ದು, ಪಿಹೆಚ್ ಸುಮಾರು 5.2ರಿಂದ 5.4. ಹುಳಿ ಇದ್ದಲ್ಲಿ ಬಿಸಿ ತಾಗಿದ್ರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತೆ. ಇದಕ್ಕೆ ಇನ್ವರ್ಷನ್ ಅಂತಾರೆ. ಅದಕ್ಕೇ ಒಂದು ಚೂರು ಸುಣ್ಣ. ಸುಣ್ಣ ಹುಳಿಯನ್ನು ತಗ್ಗಿಸುತ್ತೆ, ಕಸವನ್ನು ಗಂಟುಕಟ್ಟಿಸುತ್ತೆ. ಬೆಂಡೆ ಗಿಡದ ಕಾಂಡ ಜಜ್ಜಿ ಹಾಕೋ ಪದ್ಧತಿಯೂ ಇದೆ. ಅದರ ಲೋಳೆ ಕಸವನ್ನು ಹಿಡಿದುಕೊಂಡು ನೊರೆಯ ಜೊತೆ ಮೇಲೆ ತರುತ್ತೆ. ಆ ನೊರೆಯನ್ನು ತೆಗೆದು ತೆಗೆದು ಬಿಸಾಡ್ತಾರೆ. ನಮ್ಮ ಸಿಲಬಸ್‌ನ ಕೋಆಗ್ಯುಲೇಶನ್ ಪಾಠ ಇದೇ, ಹೆಸರು ಮಾತ್ರ ಬೇರೆ.

ಮಲೆನಾಡಿನ ವಿಶೇಷ ಜೋನಿ ಬೆಲ್ಲ. ಪಾಕ ಸುಮಾರು 105–106 ಡಿಗ್ರಿಗೆ ಬಂದಾಗ ಇಳಿಸಿದ್ರೆ ಜೋನಿ, 116–118ರವರೆಗೆ ಕಾಯಿಸಿದ್ರೆ ಅಚ್ಚು ಬೆಲ್ಲ. ನೀರು ಕಡಿಮೆಯಾದಷ್ಟೂ ಕುದಿಯುವ ಬಿಂದು ಮೇಲೇರುತ್ತೆ, ಆದ್ದರಿಂದ ಉಷ್ಣಾಂಶವೇ ಇಲ್ಲಿ ಸಕ್ಕರೆಯ ಸಾಂದ್ರತೆಯ ಮೀಟರ್. ಆದ್ರೆ ಒಂದು ಎಚ್ಚರಿಕೆ: ಈ ಸೀಮೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯೋದು 98ರ ಹತ್ತಿರ. ಪುಸ್ತಕದ ಅಂಕಿಯಿಂದ 2 ಡಿಗ್ರಿ ಕಳೆದು ನೋಡ್ಬೇಕು, ಇಲ್ಲಾಂದ್ರೆ ಪಾಕ ಮೀರುತ್ತೆ. ಪಾಕ ಹಿಡಿಯೋರಿಗೆ ಈ ತಿದ್ದುಪಡಿಯ ಗೊಡವೆಯೇ ಇಲ್ಲ. ತಣ್ಣೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಎಳೆದು, ಉಂಡೆ ಕಟ್ಟಿ ನೋಡ್ತಾರೆ. ಅವರು ಅಳೆಯೋದು ನೇರವಾಗಿ ಪಾಕವನ್ನೇ.

ಕಡಿದು ದಿನಗಟ್ಟಲೆ ಬಿದ್ದ ಕಬ್ಬಿನಲ್ಲಿ ಇನ್ವರ್ಷನ್ ಜಾಸ್ತಿ, ಅದರಿಂದ ಗಟ್ಟಿ ಅಚ್ಚು ಬರೋದು ಕಷ್ಟ. ಜೋನಿಗೆ ಮಾತ್ರ ಸ್ವಲ್ಪ ಇನ್ವರ್ಷನ್ ಒಳ್ಳೇದೇ, ಡಬ್ಬಿಯ ತಳದಲ್ಲಿ ಸಕ್ಕರೆ ಹರಳುಗಟ್ಟೋದನ್ನು ತಡೆಯುತ್ತೆ.

ಈಗ ದೊಡ್ಡಪ್ಪನ ಪ್ರಶ್ನೆ

100 ಕೆಜಿ ಹಾಲು, 18 ಬ್ರಿಕ್ಸ್ ಅಂತ ಇಟ್ಕೊಳ್ಳಿ. ಅಂದ್ರೆ ಕರಗಿದ ಘನ 18 ಕೆಜಿ. ಜೋನಿ 72 ಬ್ರಿಕ್ಸ್‌ಗೆ ನಿಲ್ಲುತ್ತೆ ಅಂದ್ರೆ ಸಿಗೋದು 18 ÷ 0.72 = 25 ಕೆಜಿ. ಆವಿಯಾಗಬೇಕಾದ ನೀರು 75 ಕೆಜಿ.

ಬೇಕಾದ ಶಾಖ:
• 25ರಿಂದ 100 ಡಿಗ್ರಿಗೆ ಕಾಯಿಸೋಕೆ: 100 × 4 × 75 = 30 ಮೆಗಾಜೂಲ್
• ಆವಿ ಮಾಡೋಕೆ: 75 × 2.257 = ಸುಮಾರು 170 ಮೆಗಾಜೂಲ್
• ಒಟ್ಟು: 200 ಮೆಗಾಜೂಲ್

ಕೈಲಿರೋ ಉರುವಲು: ಗಾಣ 60% ಹಾಲು ಹಿಂಡುತ್ತೆ ಅಂದ್ರೆ 100 ಕೆಜಿ ಹಾಲಿಗೆ 167 ಕೆಜಿ ಕಬ್ಬು ಬೇಕು, ಉಳಿಯೋ ಹಸಿ ಸಿಪ್ಪೆ 67 ಕೆಜಿ. ಅದರಲ್ಲಿ ಅರ್ಧ ನೀರು. ಬಿಸಿಲಲ್ಲಿ ಒಣಗಿ 10% ತೇವಕ್ಕೆ ಬಂದ್ರೆ 37 ಕೆಜಿ. ಕೆಜಿಗೆ 15 ಮೆಗಾಜೂಲ್ ಹಿಡಿದ್ರೆ 555 ಮೆಗಾಜೂಲ್.

ಬೇಕಾದ್ದು 200, ಇರೋದು 555. ಮತ್ತೆ ಸೌದೆ ಯಾಕೆ? ಯಾಕಂದ್ರೆ ಶಾಖದ ಬಹುಪಾಲು ಚಿಮಣಿಯಲ್ಲಿ, ಒಲೆಯ ಬಾಯಲ್ಲಿ, ಮಣ್ಣಿನ ಗೋಡೆಯಲ್ಲಿ ಹೋಗ್ತಿದೆ. ಒಲೆಯ ದಕ್ಷತೆ 25% ಅಂತ ಊಹಿಸಿದ್ರೆ ಉರುವಲಿಂದ 800 ಮೆಗಾಜೂಲ್ ಬರಬೇಕು, ಅಂದ್ರೆ 53 ಕೆಜಿ ಸಿಪ್ಪೆ. ಕೊರತೆ 16 ಕೆಜಿ. ದಕ್ಷತೆ 36% ಮುಟ್ಟಿದ್ರೆ ಸೌದೆಯೇ ಬೇಡ.

ಒಲೆ ಒಡೆಯದೆ ಏನು ಮಾಡಬಹುದು? ಮುಖ್ಯ ಕೊಪ್ಪರಿಗೆಗೂ ಚಿಮಣಿಗೂ ನಡುವೆ, ಬಿಸಿ ಹೊಗೆ ಹಾಯೋ ದಾರಿಯ ಮೇಲೆ ಇನ್ನೊಂದು ಕೊಪ್ಪರಿಗೆ ಕೂರಿಸಿ, ಮುಂದಿನ ಪಾಳಿಯ ಹಾಲನ್ನು ಅದರಲ್ಲಿ ಕಾಯಲು ಬಿಡಬಹುದು. ಹಾಲು ಕುದಿಯೋ ಹಂತದವರೆಗೆ ಬಿಟ್ಟಿ ಶಾಖದಲ್ಲೇ ಕಾಯ್ದರೆ 30 ಮೆಗಾಜೂಲ್ ಉಳಿತಾಯ. ಆಗ ಬೇಕಾದ್ದು 170 ÷ 0.25 = 680 ಮೆಗಾಜೂಲ್, ಅಂದ್ರೆ 45 ಕೆಜಿ. ಕೊರತೆ 16ರಿಂದ 8ಕ್ಕೆ ಇಳೀತು, ನೇರ ಅರ್ಧ. ಉಳಿದ ಅರ್ಧಕ್ಕೆ ದಕ್ಷತೆ 31% ಆದ್ರೂ ಸಾಕು. ತಳಕ್ಕೆ ಜಾಳಿಗೆ ಹಾಕಿ ಗಾಳಿ ಸರಿಯಾಗಿ ಬಿಡೋದು, ಗೋಡೆಯ ಬಿರುಕು ಮೆತ್ತೋದು, ಸಿಪ್ಪೆ ಪೂರ್ತಿ ಒಣಗಿಸೋದು: ಆ ದಾರಿಗಳೆಲ್ಲ ದುಬಾರಿಯವಲ್ಲ. ಒಂದೇ ಎಚ್ಚರ, ಕಾಯಲು ಇಟ್ಟ ಹಾಲು ಉಗುರುಬೆಚ್ಚಗೆ ತುಂಬ ಹೊತ್ತು ನಿಲ್ಲಬಾರದು. ಅದು ಯೀಸ್ಟ್‌ಗೆ ಕೊಟ್ಟ ಆಹ್ವಾನ.

"ಎರಡನೇ ಕೊಪ್ಪರಿಗೆ ಮನೇಲೇ ಬಿದ್ದದೆ" ಅಂದ್ರು ದೊಡ್ಡಪ್ಪ. ಈ ಸೀಸನ್‌ಗೆ ಅದನ್ನ ಕೂರಿಸಿ, ಹಾಲು, ಸಿಪ್ಪೆ, ಸೌದೆ ಮೂರನ್ನೂ ತೂಗಿ ಬರೆದಿಡೋದು ಅಂತ ಮಾತಾಗಿದೆ. ಮೇಲಿನ 25% ಊಹೆ ಸರಿಯೋ ತಪ್ಪೋ ಆಗ ತಿಳಿಯುತ್ತೆ.

ಹೋಗೋರಿಗೆ ನಾಲ್ಕು ಮಾತು

• ಗಾಣದ ಹತ್ತಿರ ದುಪ್ಪಟ್ಟಾ, ಶಾಲು, ಸಡಿಲ ತೋಳು ಬೇಡ. ಕಬ್ಬು ಕೊಡೋ ಕೆಲಸ ಗೊತ್ತಿರೋರಿಗೇ ಬಿಡಿ, ಸೆಲ್ಫಿಗೆ ಕೈ ಚಾಚಬೇಡಿ.
• ಕುದಿಯೋ ಪಾಕ ನೀರಿಗಿಂತ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತೆ. ದೂರ ನಿಂತು ನೋಡಿ.
• ಹಾಲು ಹಿಂಡಿದ ಕೂಡಲೇ ಕುಡೀರಿ. ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ ಹಾಸ್ಟೆಲ್‌ಗೆ ತಂದ್ರೆ ಒಳಗೆ ಗ್ಯಾಸ್ ಕಟ್ಟಿ ಬಾಟಲಿ ಸಿಡಿದೀತು.
• ಬಂಗಾರದ ಬಣ್ಣದ ಬೆಲ್ಲಕ್ಕೆ ಮರುಳಾಗಬೇಡಿ. ಬಣ್ಣ ತಿಳಿಯಾಗಲಿ ಅಂತ ಹೈಡ್ರೋಸ್ ಹಾಕೋದುಂಟು, ಅದರಿಂದ ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತೆ. ಕೊಳ್ಳೋರು ಕಪ್ಪು ಬೆಲ್ಲ ಕೇಳಿದ್ರೆ ಮಾಡೋರೂ ಹೈಡ್ರೋಸ್ ಬಿಡ್ತಾರೆ.

ನೀವೇ ಮಾಡಿ ನೋಡಿ

1. ಅದೇ 100 ಕೆಜಿ ಹಾಲಿಂದ 95 ಬ್ರಿಕ್ಸ್‌ನ ಅಚ್ಚು ಬೆಲ್ಲ ಮಾಡಿದ್ರೆ ಎಷ್ಟು ಕೆಜಿ ಸಿಗುತ್ತೆ? ಎಷ್ಟು ಶಾಖ ಹೆಚ್ಚು ಬೇಕು?
2. ಗಾಣ 60%ರ ಬದಲು 65% ಹಿಂಡಿದ್ರೆ ಬೆಲ್ಲ ಹೆಚ್ಚುತ್ತೆ, ಸಿಪ್ಪೆ ಕಡಿಮೆಯಾಗುತ್ತೆ. ಸೌದೆಯ ಕೊರತೆ ಏನಾಗುತ್ತೆ?

ಉತ್ತರ ಬರೆದು ಸಂಘಕ್ಕೆ ಕಳಿಸಿ. ಲೆಕ್ಕ ಸರಿ ಬಂದೋರಿಗೆ ಮುಂದಿನ ಟ್ರಿಪ್ಪಲ್ಲಿ ಬೈಕಿನ ಹಿಂದಿನ ಸೀಟು ಖಾಯಂ.